ಕಡಿಯದ ಮಾತು

ಭೀಮಾ ನದಿಯ ಆಚೆ ದಂಡೆಯ ಕೊಲ್ಲಗುಂಡಿಯಲ್ಲಿ ನಿಂತು ಯಾರಾದರೂ ಫೋನ್ ಮಾಡಿದರೆ ವಿಜಯಪುರದಲ್ಲಿದ್ದವರಿಗೆ ಅವರು ಉಸಿರೆಳೆದುಕೊಂಡದ್ದೂ ಕೇಳಿಸುತ್ತಿತ್ತು. ಮಾತು ನಡುವೆ ಕಡಿದುಹೋಯಿತು, ಗರಗರ ಅಂದಿತು, ಅರ್ಧ ಕೇಳಿಸಿತು ಅರ್ಧ ಕೇಳಿಸಲಿಲ್ಲ ಎಂಬ ದೂರುಗಳೇ ಆ ಸೀಮೆಯಲ್ಲಿ ನಿಂತುಹೋಗಿದ್ದವು. ಏಳು ಜಿಲ್ಲೆಗಳ ಹಳ್ಳಿ ಪಟ್ಟಣಗಳನ್ನೆಲ್ಲ ಒಂದಕ್ಕೊಂದು ಹೆಣೆದ ಆ ಮಹಾಜಾಲದ ನಕ್ಷೆ ಹಾಕಿದವಳು ನೀಲಾಂಬಿಕಾ ಹಲಗತ್ತಿ. ಜಾಲ ನಿಗಮದ ವಿಜಯಪುರ ಕಚೇರಿಯಲ್ಲಿ ಅವಳು ವಿನ್ಯಾಸ ವಿಭಾಗದ ಎಂಜಿನಿಯರ್.

ಇಷ್ಟು ದೊಡ್ಡ ಜಾಲ ಕಟ್ಟುವವರು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ದಿನಾ ಎಲ್ಲಾದರೊಂದು ಕಡೆ ಕೇಬಲ್ ಕಡಿದೇ ಕಡಿಯುತ್ತದೆ. ರಸ್ತೆ ಅಗೆಯುವವರು ಕಡಿಯುತ್ತಾರೆ, ಹೆಗ್ಗಣ ಕಡಿಯುತ್ತದೆ, ಸಿಡಿಲು ಸುಡುತ್ತದೆ. ಅದಕ್ಕೇ ಪ್ರತಿ ಊರಿಗೂ ಎರಡೆರಡು ದಾರಿ. ಒಂದು ಮುಚ್ಚಿದರೆ ಮಾತು ಇನ್ನೊಂದರಲ್ಲಿ ಸುತ್ತಿ ಬರಬೇಕು. ಕೊಲ್ಲಗುಂಡಿಗೆ ಹೋಗುವ ಒಂದು ಕೇಬಲ್ಲು ರಸ್ತೆ ಸೇತುವೆಯ ಹೊಟ್ಟೆಯೊಳಗೆ ಸಾಗಿತ್ತು, ಇನ್ನೊಂದು ರೈಲು ಸೇತುವೆಯ ಮಗ್ಗುಲಲ್ಲಿ. ಎರಡೂ ಒಂದೇ ಹೊಳೆಯನ್ನು ದಾಟುತ್ತವೆ, ಮೂರನೆಯದೊಂದು ಹಿಂದಿನಿಂದ, ಕಲಬುರಗಿ ಕಡೆಯಿಂದ ಬರಲಿ ಎಂದು ನೀಲಾಂಬಿಕಾ ಕೇಳಿದ್ದಳು. ಅಷ್ಟು ಉದ್ದಕ್ಕೆ ನೆಲ ಅಗೆಯುವುದು ಯಾಕೆ, ಪೂರಕ ಇದೆಯಲ್ಲ ಅಂದಿತು ನಿಗಮ. ಅವಳೂ ಹೆಚ್ಚು ಜಗ್ಗಾಡಲಿಲ್ಲ.

ಪೂರಕವೆಂದರೆ ಊರೂರಿನ ಜಾಲಕೇಂದ್ರದಲ್ಲಿ ಕೂತ ಯಂತ್ರ. ಮಾತು ಜಾಲದೊಳಗೆ ಸಣ್ಣ ಸಣ್ಣ ತುಣುಕುಗಳಾಗಿ ಓಡುತ್ತದೆ. ಕೆಲವು ತುಣುಕು ದಾರಿಯಲ್ಲಿ ಕಳೆದುಹೋಗುತ್ತವೆ. ಕಳೆದ ತುಣುಕಿನಲ್ಲಿ ಏನಿದ್ದೀತೆಂದು ಊಹಿಸಿ, ಮಾತಾಡುವವರದೇ ದನಿಯಲ್ಲಿ ತುಂಬಿಕೊಡುವುದು ಪೂರಕದ ಕೆಲಸ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ತೇಪೆ, ಅಷ್ಟೇ. ಅದಕ್ಕಾಗಿ ಅದು ಪ್ರತಿಯೊಬ್ಬರ ಮಾತಿನ ಧಾಟಿ ಕಲಿತಿಟ್ಟುಕೊಂಡಿತ್ತು. ನಿಗಮ ಅದಕ್ಕೆ ಒಪ್ಪಿಸಿದ ಗುರಿ ಒಂದೇ, ಕರೆ ಕಡಿಯಬಾರದು. ಅದು ಕಲಿಯುತ್ತಲೇ ಹೋಯಿತು. ಎಷ್ಟು ಕಲಿಯಿತೆಂದು ಯಾರೂ ನೋಡಲಿಲ್ಲ. ಜನಕ್ಕೆ ಜಾಲ ಎಷ್ಟು ರೂಢಿಯಾಯಿತೆಂದರೆ ಖಾಸಗಿ ಕಂಪನಿಗಳ ಫೋನು, ಆಸ್ಪತ್ರೆಯ ಸಲಹೆ, ಕೊನೆಗೆ ಪೊಲೀಸರ ವೈರ್‌ಲೆಸ್ಸು ಕೂಡ ಅದರ ಮೇಲೆಯೇ ಓಡತೊಡಗಿದವು.

ಆ ಆಗಸ್ಟಿನಲ್ಲಿ ಭೀಮೆಗೆ ಮೇಲಿನಿಂದ ಮಹಾಪೂರ ಬಂತು.

ನೀಲಾಂಬಿಕಾಳ ಗಂಡ ಚನ್ನವೀರ ಕೊಲ್ಲಗುಂಡಿಯ ದನದ ದವಾಖಾನೆಯಲ್ಲಿ ಡಾಕ್ಟರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವರಿಗೆ ಮಕ್ಕಳಾಗಿರಲಿಲ್ಲ. ವಿಜಯಪುರದ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಪೂರ ಬಂದ ಮರುದಿನ ಬೆಳಿಗ್ಗೆ ಅತ್ತೆ ಗಂಗವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಮಗನೊಂದಿಗೆ ಮಾತಾಡುತ್ತಿದ್ದರು. ಹೊಳೆಯ ಸುದ್ದಿ ಕೇಳಿ ರಾತ್ರಿಯೆಲ್ಲ ಅವರಿಗೆ ನಿದ್ದೆ ಹತ್ತಿರಲಿಲ್ಲ.

"ನೀರು ನಮ್ಮ ದವಾಖಾನಿ ಕಡೆ ಬಂದಿಲ್ಲವ್ವಾ. ನಾವೆಲ್ಲಾ ಆರಾಮ ಅದೀವಿ. ನಿನ್ನ ಮೊಣಕಾಲ ಬ್ಯಾನಿ ಹ್ಯಾಂಗದ?" ಅನ್ನುತ್ತಿತ್ತು ಚನ್ನವೀರನ ದನಿ.

"ನಂದ್ ಬಿಡಪಾ, ಇದ್ದದ್ದ. ನೀ ಹೊತ್ತಿಗ್ಸರಿ ಉಣ್ಣು" ಎಂದು ಗಂಗವ್ವ ಫೋನನ್ನು ಸೊಸೆಗೆ ಕೊಟ್ಟರು. ಮುಖ ಅರಳಿತ್ತು. "ಇವತ್ತ ಎಷ್ಟು ಸಮಾಧಾನದಿಂದ ಮಾತಾಡಿದ ನೋಡು. ಒಮ್ಮಿಯೂ ಸಿಡಿಮಿಡಿ ಅನ್ನಲಿಲ್ಲ."

ನೀಲಾಂಬಿಕಾ ಎರಡು ಮಾತಾಡಿದಳು. ಮಳೆ ನಿಂತಿದೆ, ಕರುಗಳನ್ನೆಲ್ಲ ಮೇಲೆ ಕಟ್ಟಿಸಿದ್ದೇನೆ, ಚಿಂತೆ ಬೇಡ ಅಂದ. ಹಗುರಾದ ಮನಸ್ಸಿನಿಂದ ರೊಟ್ಟಿ ಪಲ್ಯ ತಿಂದು ಕಚೇರಿಗೆ ಹೊರಟಳು.

ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಏಳೂ ಜಿಲ್ಲೆಗಳ ನಕ್ಷೆ ಹಸಿರಾಗಿ ಬೆಳಗುತ್ತಿತ್ತು. ಎಲ್ಲಿ ಕೇಬಲ್ ಕೆಟ್ಟರೂ ಅಲ್ಲಿ ಕೆಂಪು ಬರಬೇಕು. ಎಲ್ಲೂ ಕೆಂಪಿರಲಿಲ್ಲ. ಪಾಳಿಯಲ್ಲಿದ್ದ ರಿಯಾಜ್ ಕುರ್ಚಿ ತಿರುಗಿಸಿಕೊಂಡು ಮೂಲೆಯ ಟಿವಿ ನೋಡುತ್ತಿದ್ದ. ಯಾವುದೋ ಚಾನೆಲ್ಲಿನವರು ಡ್ರೋನ್ ಹಾರಿಸಿ ಹೊಳೆ ತೋರಿಸುತ್ತಿದ್ದರು. ಕೆಂಪು ಮಣ್ಣಿನ ನೀರು ದಿಗಂತದವರೆಗೆ ಹರಡಿತ್ತು. ಕ್ಯಾಮೆರಾ ನಿಧಾನ ತಿರುಗಿ ಕೊಲ್ಲಗುಂಡಿಯ ರಸ್ತೆ ಸೇತುವೆಗೆ ಬಂತು.

ಸೇತುವೆಯ ಈ ತುದಿ ಇತ್ತು. ಆ ತುದಿ ಇತ್ತು. ನಡುವಿನ ನಾಲ್ಕು ಕಮಾನು ಇರಲಿಲ್ಲ.

"ಅಯ್ಯಯ್ಯೋ" ಅಂದ ರಿಯಾಜ್.

ನೀಲಾಂಬಿಕಾ ಪರದೆಯ ಕಡೆ ನೋಡಿದಳು, ಮತ್ತೆ ಟಿವಿಯ ಕಡೆ ನೋಡಿದಳು. "ರಿಯಾಜ್, ಆ ಸೇತುವಿ ಒಳಗಿನ ಕೇಬಲ್ಲು ಹಸಿರ ತೋರಸ್ತದಲ್ಲೋ!"

"ಸೇತುವೀನೇ ಹೋಗೇದ, ಅದ್ಹ್ಯಾಂಗ ಮೇಡಂ?"

ಕೇಬಲ್ಲಿನೊಳಗಿನ ಗಾಜಿನ ಎಳೆಯಲ್ಲಿ ಮಾತು ಬೆಳಕಾಗಿ ಓಡುತ್ತದೆ. ಎಷ್ಟು ಬೆಳಕು ಬಂದು ಮುಟ್ಟುತ್ತಿದೆ ಎಂಬುದನ್ನು ಅಳೆಯುವ ಪುಟ್ಟ ಉಪಕರಣ ಪಕ್ಕದ ಕೋಣೆಯಲ್ಲಿತ್ತು. ಪರದೆಯನ್ನು ನಂಬುವ ಅಭ್ಯಾಸವಾದ ಮೇಲೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಇಬ್ಬರೂ ಓಡಿದರು. ರಸ್ತೆ ಸೇತುವೆಯ ಎಳೆಗೆ ಸಿಕ್ಕಿಸಿದರು, ಬೆಳಕಿಲ್ಲ. ರೈಲು ಸೇತುವೆಯ ಎಳೆಗೆ ಸಿಕ್ಕಿಸಿದರು, ಅಲ್ಲೂ ಕತ್ತಲೆ. ಎಳೆಗಳು ಬಂದು ಸೇರುವ ಪೆಟ್ಟಿಗೆಯ ದಾಖಲೆ ತೆಗೆದು ನೋಡಿದರೆ ಎರಡೂ ಹಿಂದಿನ ದಿನ ಸಂಜೆಯೇ, ಒಂದರ ಹಿಂದೊಂದು ಆರಿಹೋಗಿದ್ದವು.

"ಕೊಲ್ಲಗುಂಡಿಗೆ ಈಗ ಎಷ್ಟು ಕರೆ ನಡದಾವ?"

ರಿಯಾಜ್ ನೋಡಿದ. "ಮುನ್ನೂರರ ಮ್ಯಾಲ ನಡದಾವ್ರೀ ಮೇಡಂ."

ಮುನ್ನೂರಕ್ಕೂ ಹೆಚ್ಚು ಜನ, ಬೆಳಕೇ ಇಲ್ಲದ ಕೇಬಲ್ಲಿನಲ್ಲಿ, ಆಚೆ ದಂಡೆಯವರೊಂದಿಗೆ ಮಾತಾಡುತ್ತಿದ್ದರು. ಪ್ರತಿ ಊರಿನ ಕೇಂದ್ರ ಆಗಾಗ ಕಳಿಸುವ 'ನಾನು ಸರಿಯಾಗಿದ್ದೇನೆ' ಎಂಬ ಸಂಕೇತ ಬರದೆ ಹೋದಾಗ ಪೂರಕ ಅದನ್ನೂ ತುಂಬಿಕೊಟ್ಟಿತ್ತು. ಅದಕ್ಕೇ ನಕ್ಷೆ ಹಸಿರಾಗಿತ್ತು.

ನೀಲಾಂಬಿಕಾ ತನ್ನ ಫೋನು ತೆಗೆದು ಚನ್ನವೀರನಿಗೆ ಹಚ್ಚಿದಳು. ಎರಡೇ ರಿಂಗಿಗೆ ಎತ್ತಿದ.

"ಹೇಳು ನೀಲಾ."

ಅದೇ ದನಿ. 'ನೀಲಾ' ಅನ್ನುವಾಗ ಕೊನೆಯಲ್ಲಿ ತುಸು ಎಳೆಯುವ ಅದೇ ರೀತಿ. ಅವಳಿಗೆ ಏನು ಕೇಳಬೇಕೆಂದು ತೋಚಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. "ಮಗಾ ಎದ್ದಾನ್ರೀ. ನಿಮ್ಮನ್ನ ಕೇಳಾಕತ್ತಾನ."

ಆ ಕಡೆಯಿಂದ ಸಣ್ಣಗೆ ನಕ್ಕ ಸದ್ದು. "ಹೌದಾ? ಕೊಡು, ಕೊಡು ಅವನ ಕೈಯಾಗ ಫೋನು. ನಾಷ್ಟಾ ಮಾಡ್ಯಾನೋ ಇಲ್ಲೋ?"

ಅವಳ ಕೈಯಿಂದ ಫೋನು ಜಾರಿ ಬಿತ್ತು. ನೆಲದ ಮೇಲೆ ಬಿದ್ದಲ್ಲಿಂದಲೂ ಆ ದನಿ ಅಕ್ಕರೆಯಿಂದ ಇಲ್ಲದ ಮಗನನ್ನು ಕರೆಯುತ್ತಲೇ ಇತ್ತು. ರಿಯಾಜ್ ಬಾಗಿ ಅದನ್ನು ಆರಿಸಿದ. ಅವಳು ಮುಖ್ಯ ಎಂಜಿನಿಯರರ ಕೋಣೆಗೆ ಓಡಿದಳು.

ಮುಖ್ಯ ಎಂಜಿನಿಯರ್ ವಾದಿರಾಜ ಕಟ್ಟಿಯವರು ಮೊದಲು ನಂಬಲಿಲ್ಲ. ಅಳತೆಯ ಉಪಕರಣ ಕೆಟ್ಟಿರಬೇಕು ಅಂದರು. ತಾವೇ ಬಂದು ನೋಡಿದರು. ಆಮೇಲೆ ಜಿಲ್ಲಾ ವಿಪತ್ತು ಕೇಂದ್ರಕ್ಕೆ ಫೋನ್ ಮಾಡಿದರು.

"ಕೊಲ್ಲಗುಂಡೀದು ಏನೂ ತ್ರಾಸಿಲ್ರೀ" ಅಂದರು ಅಲ್ಲಿನ ಅಧಿಕಾರಿ. "ನಿನ್ನಿ ಸಂಜೀಯಿಂದ ಎಷ್ಟ್ ಮಂದೀಗೆ ಫೋನ್ ಮಾಡಿ ಕೇಳೀವಿ, ಎಲ್ಲಾರೂ ಆರಾಮ ಅದೀವಿ ಅಂತಾರ. ಅದಕ್ಕ ಬೋಟೆಲ್ಲಾ ಕೆಳಗಿನ ಹಳ್ಳಿಗೆ ಕಳಿಸೀವಿ."

ಕಟ್ಟಿಯವರು ಫೋನನ್ನು ಮೇಜಿನ ಮೇಲಿಟ್ಟು ನೀಲಾಂಬಿಕಾಳ ಮುಖ ನೋಡಿದರು. ನೂರು ದಿನ ಫೋನಿನಲ್ಲಿ ವಿಚಾರಿಸಿದರೆ ತೊಂಬತ್ತೊಂಬತ್ತು ದಿನ ಜನ ಹೇಳುವುದು ಆರಾಮ ಅದೀವಿ ಎಂದೇ. ಪೂರಕ ಕಲಿತದ್ದೂ ಅದನ್ನೇ.

"ಸರ್, ನಮ್ಮ ಕಡೆ ಪೂರಕಾ ಈಗಿಂದೀಗ ಬಂದ್ ಮಾಡ್ರಿ."

"ಒಮ್ಮೆಲೆ ಬಂದ್ ಮಾಡಿದ್ರ ಏಳೂ ಜಿಲ್ಲೇದಾಗ ಕರೆ ಕಡೀತಾವ. ಜನ ಗಾಬರಿ ಆಗ್ತಾರಮ್ಮಾ."

"ಆಗ್ಲಿ ಬಿಡ್ರಿ ಸರ್! ಗಾಬರಿ ಆಗಬೇಕಾದ ಹೊತ್ತಿನ್ಯಾಗ ನಾವು ಅವರನ್ನ ಸುಮ್ಮನ ಕುಂಡ್ರಿಸೀವಿ." ಅವಳು ಯಾವತ್ತೂ ಅವರೆದುರು ಅಷ್ಟು ಜೋರಾಗಿ ಮಾತಾಡಿದವಳಲ್ಲ.

ಕಟ್ಟಿಯವರು ತಲೆಯಾಡಿಸಿದರು. ರಿಯಾಜ್ ಬಂದ್ ಮಾಡಿದ. ಪರದೆಯ ಮೇಲೆ ಅಲ್ಲಲ್ಲಿ ಕೆಂಪು ಹುಟ್ಟಿತು. ಭೀಮೆಯ ದಂಡೆಯುದ್ದಕ್ಕೂ ಕೆಂಪು ಹರಡುತ್ತ ಹೋಯಿತು. ಕೊಲ್ಲಗುಂಡಿಯೊಂದೇ ಅಲ್ಲ, ಇನ್ನೂ ಮೂರು ಊರುಗಳು ಯಾವಾಗಲೋ ಕಡಿದುಹೋಗಿದ್ದವು. ವಿಪತ್ತು ಕೇಂದ್ರದ ಅಧಿಕಾರಿ ಈಗ ತಾವೇ ಫೋನ್ ಮಾಡಿ ಕೂಗಾಡತೊಡಗಿದರು. ಬೋಟುಗಳಿಗೆ ವಾಪಸು ಹೊರಡಲು ಹೇಳಿಯಾಯಿತು.

"ಮೇಡಂ," ರಿಯಾಜ್ ಮೆಲ್ಲಗೆ ಕೇಳಿದ, "ಆ ದಂಡಿ ಮ್ಯಾಲಿನ ಪೂರಕ?"

ನೀಲಾಂಬಿಕಾಳಿಗೆ ಆಗ ಹೊಳೆಯಿತು. ಕೊಲ್ಲಗುಂಡಿಯ ಕೇಂದ್ರ ಪಂಚಾಯಿತಿ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಸೌರ ಫಲಕ, ಬ್ಯಾಟರಿ ಎಲ್ಲ ಇತ್ತು. ಊರು ಮುಳುಗಿದರೂ ಅದು ಎಚ್ಚರವಾಗಿರಲಿ ಎಂದು ಅವಳೇ ಹಾಗೆ ಯೋಜಿಸಿದ್ದಳು. ಇಲ್ಲಿಂದ ಅದಕ್ಕೆ ಆಜ್ಞೆ ಕೊಡಲು ಕೇಬಲ್ಲೇ ಇಲ್ಲ. ಇಲ್ಲಿನವರಿಗೆ ಅಲ್ಲಿಯವರ ಸುಳ್ಳುದನಿ ಕೇಳಿಸಿದ ಹಾಗೆ, ಅಲ್ಲಿಯವರಿಗೂ ಇಲ್ಲಿನವರ ದನಿ ಕೇಳಿಸುತ್ತಿರಬೇಕು. ಪೊಲೀಸರ ದನಿ, ಡಾಕ್ಟರರ ದನಿ, ನೆಂಟರ ದನಿ. ಅವು ಏನು ಹೇಳುತ್ತಿರಬಹುದು?

"ನಾ ಹೋಗ್ತೀನಿ ಸರ್. ಅದನ್ನ ಕೈಲೆನೇ ಆರಿಸಬೇಕು. ಉಳಿದ ಮೂರೂ ಊರಿಗೆ ಬ್ಯಾರೆಯವರನ್ನ ಕಳಸ್ರಿ" ಅಂದಳು.

ಜೀಪು ಹೊಳೆಯ ಕಡೆ ತಿರುಗುವ ಮುನ್ನ ಐದು ನಿಮಿಷ ಮನೆಯ ಮುಂದೆ ನಿಂತಿತು. ಅತ್ತೆಗೆ ಬೇರೆಯವರು ಹೇಳುವುದು ಬೇಡ ಅನ್ನಿಸಿತ್ತು ಅವಳಿಗೆ. ಗಂಗವ್ವ ನಿಂತೇ ಕೇಳಿದರು. ಮೊದಲು ಅವರಿಗೆ ಅರ್ಥವೇ ಆಗಲಿಲ್ಲ.

"ಹಂಗಾದ್ರ ಮುಂಜಾನೆ ನಾ ಯಾರ ಜೋಡಿ ಮಾತಾಡಿದೆ?"

"ಅದು ಯಂತ್ರರೀ ಅತ್ತಿ."

"ಅವ ನನ್ನ ಮೊಣಕಾಲ ಬ್ಯಾನಿ ಕೇಳಿದನಲ್ಲವಾ!"

ಗಂಗವ್ವ ಕಟ್ಟೆಯ ಮೇಲಿದ್ದ ಫೋನನ್ನು ಸೆರಗಿನಿಂದ ಹಿಡಿದೆತ್ತಿದರು, ಬರಿಗೈಯಿಂದ ಮುಟ್ಟಲಿಲ್ಲ. ಅದನ್ನು ಮೂಲೆಯಲ್ಲಿಟ್ಟು ಮೇಲೊಂದು ರೊಟ್ಟಿಬುಟ್ಟಿ ಬೋರಲು ಹಾಕಿದರು. "ನನ್ನ ಮಗನ್ನ ನೋಡಿ ಬಾ. ಕಣ್ಣಿಲೆ ನೋಡಿ ಬಾ" ಅಂದರು.

ಮಧ್ಯಾಹ್ನದ ಹೊತ್ತಿಗೆ ರಕ್ಷಣಾ ಪಡೆಯ ಬೋಟು ಅವಳನ್ನು ಹತ್ತಿಸಿಕೊಂಡು ಕೊಲ್ಲಗುಂಡಿಯ ಕೆಳಗೇರಿ ಹೊಕ್ಕಿತು. ಬೇವಿನ ಮರಗಳ ತುದಿಯಷ್ಟೇ ಕಾಣುತ್ತಿತ್ತು. ಮಾಳಿಗೆಗಳ ಮೇಲೆ ಜನ ಕೂತಿದ್ದರು. ಅವಳು ಕಿರುಚಾಟ ಇರುತ್ತದೆ ಎಂದುಕೊಂಡಿದ್ದಳು. ಕಿರುಚಾಟವೇ ಇರಲಿಲ್ಲ. ಮುದುಕರು, ಹೆಂಗಸರು, ಗಂಡಸರು, ಎಲ್ಲರ ಕಿವಿಯಲ್ಲಿ ಫೋನು. ಸುತ್ತ ನೀರು ಏರುತ್ತಿತ್ತು, ಅವರು ಹೂಂ ಹೂಂ ಅನ್ನುತ್ತ ತಲೆದೂಗುತ್ತಿದ್ದರು. ಬೋಟನ್ನು ನೋಡಿ ಯಾರೂ ಬೆರಗಾಗಲಿಲ್ಲ.

"ಬಂದ್ರಿ?" ಅಂದ ಒಬ್ಬ ಮುದುಕ. "ನಿನ್ನಿ ಸಂಜೀ ಹಿಡದು ಬಂದ್ವಿ, ಬಂದ್ವಿ ಅಂತ ಹೇಳಾಕತ್ತೀರಿ."

ಬೋಟಿನಲ್ಲಿದ್ದ ಪಡೆಯವರಲ್ಲಿ ಯಾರೂ ಹಾಗೆ ಹೇಳಿರಲಿಲ್ಲ.

ದನದ ದವಾಖಾನೆಯ ತಾರಸಿಯ ಮೇಲೆ ಹತ್ತಿಪ್ಪತ್ತು ಜನ, ಆರೇಳು ಕರು. ಚನ್ನವೀರ ಅಂಗಿ ಹರಿದುಕೊಂಡು, ಮೈಯೆಲ್ಲ ಕೆಸರಾಗಿ, ಗೋಡೆಯಂಚಿಗೆ ಓಡಿ ಬಂದ.

"ನೀಲಾ! ನೀ ಬರ್ತೀನಿ ಅಂತ ಹೇಳಲೇ ಇಲ್ಲಲ್ಲ? ಈಗರ ಮಾತಾಡಿದ್ದಿ, ಮಲ್ಲಮ್ಮಗ ಕೊಡ್ರಿ ಫೋನು, ಧೈರ್ಯಾ ಹೇಳ್ತೀನಿ ಅಂದಿ..."

"ಅದು ನಾನಲ್ಲರೀ," ಅಂದಳು ನೀಲಾಂಬಿಕಾ. "ನಿನ್ನಿ ಸಂಜೀಯಿಂದ ನಿಮ್ಮ ಜೋಡಿ ಮಾತಾಡಿದ್ದು ನಾನಲ್ಲ."

ಗೋಡೆಗೆ ಒರಗಿ ಕೂತಿದ್ದ ಹೆಂಗಸೊಬ್ಬಳು ಆ ದನಿಗೆ ಚಕ್ಕನೆ ತಲೆಯೆತ್ತಿದಳು. ಮೂವತ್ತರ ಒಳಗಿನ ವಯಸ್ಸು. ಸೀರೆ ಕೆಸರಿನಲ್ಲಿ ಗಟ್ಟಿಯಾಗಿತ್ತು. ಚನ್ನವೀರನ ಫೋನು ಅವಳ ಕಿವಿಯಲ್ಲಿತ್ತು. ಅವಳು ನೀಲಾಂಬಿಕಾಳ ತುಟಿಗಳನ್ನೇ ನೋಡಿದಳು. ಫೋನನ್ನು ಕಿವಿಯಿಂದ ತೆಗೆದು ಅದನ್ನೊಮ್ಮೆ ನೋಡಿದಳು.

"ಅಕ್ಕಾರ, ನೀವು ಇಲ್ಲೇ ನಿಂತೀರಿ. ಮತ್ತ ಇದರಾಗ ಮಾತಾಡಾಕತ್ತಾಕಿ ಯಾರು?"

ನೀಲಾಂಬಿಕಾ ಫೋನು ಇಸಿದುಕೊಂಡು ಕಿವಿಗಿಟ್ಟಳು. ತನ್ನದೇ ದನಿ. ಮೃದುವಾಗಿ, ಅವಸರವಿಲ್ಲದೆ ಹೇಳುತ್ತಿತ್ತು. "ಅಳಬ್ಯಾಡವಾ ಮಲ್ಲಮ್ಮ. ಬೋಟ್ ಇನ್ನೇನ್ ಬಂದ ಬಿಡ್ತಾವ. ಇದ್ದಲ್ಲೇ ಕೂಡ್ರಿ, ಎಲ್ಲೂ ಹೋಗಬ್ಯಾಡ್ರಿ. ನಾ ಅದೀನಲ್ಲ."

ಹೆಸರೊಂದು ಬಿಟ್ಟರೆ ಅದು ಅವಳು ಹಿಂದಿನ ನೆರೆಯಲ್ಲಿ ಗಂಡನಿಗೆ ನಿಜವಾಗಿಯೂ ಹೇಳಿದ್ದ ಮಾತು. ಆಗ ಅವಳೇ ವಿಪತ್ತು ಕೇಂದ್ರದಲ್ಲಿ ನಿಂತು ಬೋಟು ಕಳಿಸಿದ್ದಳು. ಬೋಟು ಬಂದೂ ಇದ್ದವು. ಪೂರಕ ಆ ಮಾತನ್ನು ಕಾದಿಟ್ಟುಕೊಂಡಿತ್ತು.

ಚನ್ನವೀರ ತಡವರಿಸುತ್ತ ಹೇಳಿದ. ಸಂಜೆ ನೀರು ಮೊಣಕಾಲಿನಷ್ಟಿದ್ದಾಗ ಅವನು ಕೆಳಗೇರಿಗೆ ಹೋಗಿ, ಮಲ್ಲಮ್ಮ ಮತ್ತು ಅವಳ ಗಂಡ ಶರಣಪ್ಪನನ್ನು ದವಾಖಾನೆಗೆ ಕರೆದುಕೊಂಡು ಬರಲು ಹೊರಟಿದ್ದ. ಒಂದು ಮಾತು ಕೇಳೋಣವೆಂದು ಹೆಂಡತಿಗೆ ಫೋನ್ ಹಚ್ಚಿದ. ಹೊಳೆಯ ನೀರಿನಲ್ಲಿ ಕತ್ತಲಲ್ಲಿ ಕಾಲಿಡಬೇಡಿ, ಅವರಿಗೂ ಮಾಳಿಗೆ ಹತ್ತಿ ಕೂರಲು ಹೇಳಿ, ಬೋಟು ಹೊರಟಿವೆ ಅಂದಳು ಅವಳು. ಅವನು ಫೋನಿನಲ್ಲಿ ಹಾಗೆ ಹೇಳಿದಾಗ ಶರಣಪ್ಪನಿಗೆ ನಂಬಿಕೆ ಬರಲಿಲ್ಲ, ಅವಳನ್ನೂ ಅದೇ ಕರೆಗೆ ಸೇರಿಸಿ ಅವಳಿಂದಲೇ ಹೇಳಿಸಿದ. ಅವರದು ಮಣ್ಣಿನ ಮಾಳಿಗೆ. ಬೆಳಗಿನ ಜಾವ ಅದು ಕುಸಿಯಿತು. ಮಲ್ಲಮ್ಮನ ಕೈಗೆ ಸಿಕ್ಕ ಮರದ ತೊಲೆ ಅವಳನ್ನು ದವಾಖಾನೆಯವರೆಗೆ ತೇಲಿಸಿ ತಂದಿತು, ಶರಣಪ್ಪನಿಗೆ ಏನೂ ಸಿಗಲಿಲ್ಲ.

"ನಿಮ್ಮ ಮಾತಿನ ಮ್ಯಾಲ ಕುಂತ್ವಿರಿ ಅಕ್ಕಾರ," ಅಂದಳು ಮಲ್ಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಲೆಕ್ಕ ತಪ್ಪಿದವರ ಹಾಗೆ ಕೇಳುತ್ತಿದ್ದಳು. "ಎಂಜಿನಿಯರ್ ಅಕ್ಕಾರು ಹೇಳ್ಯಾರಂದ್ರ ಖರೇನೇ ಇರ್ತದ ಅಂದ್ರು ನಮ್ಮ ಮನಿಯವರು."

ನೀಲಾಂಬಿಕಾ ಏನೋ ಹೇಳಲು ಬಾಯಿ ತೆರೆದಳು. ಮಲ್ಲಮ್ಮ ಮೈ ಹಿಂದಕ್ಕೆ ಸೆಳೆದುಕೊಂಡು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ನೀಲಾಂಬಿಕಾ ಏನನ್ನೂ ಹೇಳದೆ ಬೋಟಿಗೆ ಇಳಿದಳು. ಚನ್ನವೀರನೂ ಜೊತೆಗೆ ಇಳಿದ. ಪಂಚಾಯಿತಿ ಕಟ್ಟಡದ ಕಿಟಕಿಯಿಂದ ಒಳಗೆ ಹತ್ತಿದರು. ಕೇಂದ್ರದ ಕೋಣೆ ಒಣಗಿ, ತಂಪಾಗಿ, ಸಣ್ಣ ಹಸಿರು ದೀಪಗಳಿಂದ ತುಂಬಿತ್ತು. ಯಾವ ತೊಂದರೆಯೂ ಇಲ್ಲದೆ ಯಂತ್ರ ಗುಂಯ್‌ಗುಡುತ್ತಿತ್ತು. ಅವಳು ಬ್ಯಾಟರಿಯ ವೈರು ಕಿತ್ತಳು. ಮೊದಲ ಸಲ ಅದು ಬರಲಿಲ್ಲ, ಚನ್ನವೀರ ತನ್ನ ಕೈಯಿಟ್ಟು ಜಗ್ಗಿದ. ದೀಪಗಳು ಆರಿದವು.

ಹೊರಗೆ ಮೊದಲು ಕೇಳಿಸಿದ್ದು ಹಲೋ ಹಲೋ ಎಂಬ ಸದ್ದು. ಒಂದು ಮಾಳಿಗೆಯಿಂದ, ಇನ್ನೊಂದರಿಂದ, ಮರದ ಮೇಲಿಂದ, ಊರಿನ ತುಂಬ. ಸಾಂತ್ವನ ಹೇಳುತ್ತಿದ್ದ ತಾಯಿ, ಬಂದೆವೆನ್ನುತ್ತಿದ್ದ ಪೊಲೀಸಿನವರು, ಧೈರ್ಯ ತುಂಬುತ್ತಿದ್ದ ಅಣ್ಣ ತಮ್ಮಂದಿರು ಎಲ್ಲ ಒಂದೇ ಏಟಿಗೆ ಇಲ್ಲವಾಗಿದ್ದರು. ಆಮೇಲೆ ಯಾರೋ ಫೋನ್ ಕೆಳಗಿಟ್ಟು, ನೀರಿನಾಚೆಯ ಮಾಳಿಗೆಗೆ ಬಾಯಿಬಿಟ್ಟು ಕೂಗಿದರು, "ಏ ಬಸಣ್ಣಾ, ಅದೀಯೇನೋ?" ಆ ಕಡೆಯಿಂದ ಉತ್ತರ ಬಂತು. ಮತ್ತೊಬ್ಬರು ಕೂಗಿದರು, ಮತ್ತೊಬ್ಬರು. ಹೆಸರುಗಳು ನೀರಿನ ಮೇಲೆ ಅತ್ತಿತ್ತ ಹೋದವು. ಕೆಲವಕ್ಕೆ ಉತ್ತರ ಬಂತು. ಕೆಲವನ್ನು ಮತ್ತೆ ಮತ್ತೆ ಕೂಗುತ್ತಲೇ ಇದ್ದರು, ಬರಲಿಲ್ಲ. ಆಗ ಅಳು ಎದ್ದಿತು. ಹಿಂದಿನ ಸಂಜೆಯೇ ಏಳಬೇಕಾಗಿದ್ದ ಅಳು ಅದು. ಅದನ್ನು ಕೇಳಿ ದೂರದಲ್ಲಿದ್ದ ಬೋಟುಗಳು ಕೂಡ ಮೋಟಾರಿನ ವೇಗ ಹೆಚ್ಚಿಸಿ ಈ ಕಡೆ ತಿರುಗಿದವು.

ಮುಂದೆ ವಿಚಾರಣೆ ನಡೆಯಿತು. ಪೂರಕವನ್ನು ಏಳೂ ಜಿಲ್ಲೆಗಳಿಂದ ಕಿತ್ತುಹಾಕಿದರು. ಕಲಬುರಗಿ ಕಡೆಯಿಂದ ಮೂರನೆಯ ಕೇಬಲ್ಲು ಎಳೆದರು. ಮಾತು ಮತ್ತೆ ನಡುನಡುವೆ ಕಡಿಯತೊಡಗಿದಾಗ ಜನ ಬೈದುಕೊಂಡರು, ಅಭ್ಯಾಸ ಮಾಡಿಕೊಂಡರು. ಅವೆಲ್ಲ ಆಮೇಲಿನ ಮಾತು.

ಅವತ್ತು ಸಂಜೆಯವರೆಗೂ ನೀಲಾಂಬಿಕಾ ಬೋಟಿನಲ್ಲೇ ಇದ್ದಳು. ಮುದುಕರನ್ನು ಇಳಿಸಿಕೊಂಡಳು, ಕೂಸುಗಳನ್ನು ಎತ್ತಿಕೊಂಡಳು, ನೀರು ಕೊಟ್ಟಳು. ಬಾಯಿ ಮಾತ್ರ ಬಿಡಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಚನ್ನವೀರನ ಕಡೆ ಕೈ ತೋರಿಸುತ್ತಿದ್ದಳು. ಕೊನೆಯ ಸರದಿಯಲ್ಲಿ ದವಾಖಾನೆಯ ತಾರಸಿಯಿಂದ ಮಲ್ಲಮ್ಮ ಇಳಿಯಬೇಕಾಗಿತ್ತು. ಅವಳು ಅಂಚಿನಲ್ಲಿ ನಿಂತು, ಕೆಳಗೆ ಅಲ್ಲಾಡುವ ಬೋಟನ್ನು ನೋಡಿ ಹಿಂಜರಿದಳು. ಹೆದರಬೇಡ ಎಂಬ ಮಾತು ನೀಲಾಂಬಿಕಾಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡು ಎರಡೂ ಕೈ ಮೇಲಕ್ಕೆ ಚಾಚಿದಳು.

ಮಲ್ಲಮ್ಮ ಆ ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಿಡಿದುಕೊಂಡು ಇಳಿದಳು.